ಪರದೆಯ ಹಿಂದಿನ ದಳವಾಯಿ

ಹೊನ್ನಗುಡ್ಡದ ದಳವಾಯಿ ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ, ಆಗಲೇ ಮಾನಭಟ್ಟನೆಂಬ ಪಂಡಿತ ಅಳತೆಗೋಲು ಹಿಡಿದು ಆಸ್ಥಾನಕ್ಕೆ ವಕ್ಕರಿಸಿದ.

"ಪ್ರಭು, ದೇಶದೇಶ ಸುತ್ತಿ ನಾಯಕರನ್ನೆಲ್ಲ ಅಳೆದು ಸಂಶೋಧನೆ ಮಾಡಿದ್ದೇನೆ. ಎತ್ತರದ ಆಳು, ದೊಡ್ಡ ಗಂಟಲು, ಅನುಮಾನ ಅನ್ನೋದೇ ಗೊತ್ತಿಲ್ಲ! ಇಂಥವನೇ ಹುಟ್ಟು ನಾಯಕ. ನನ್ನ ಭಾವಮೈದ ಗುಂಡಾಭಟ್ಟ ಥೇಟ್ ಹಾಗೇ ಇದ್ದಾನೆ. ಅವನನ್ನೇ ದಳವಾಯಿ ಮಾಡಿ. ಅಳತೆಗೆ ಬಾರದವರನ್ನು ಆಸ್ಥಾನದಿಂದ ಆಚೆ ಹಾಕಿ."

ಎಲ್ಲರೂ ತಿರುಗಿ ಚೆನ್ನರಸನನ್ನು ನೋಡಿದರು. ದೊರೆಗೆ ಬುದ್ಧಿ ಹೇಳಿ, ನಗಿಸಿ ಹೊಟ್ಟೆ ಹೊರೆಯುತ್ತಿದ್ದ ಚೆನ್ನರಸ ಬಲು ಕುಳ್ಳ.

ದೊರೆ ವೀರಭೂಪಾಲ ಮೀಸೆ ತಿರುವಿದ. "ಸಂಶೋಧನೆ ಅಂದಮೇಲೆ ಸಂಶೋಧನೆ. ಏನಂತೀಯ ಚೆನ್ನರಸ?"

"ನನ್ನದೇನಿದೆ ಪ್ರಭು! ಆದರೆ ನನಗೂ ಒಬ್ಬ ಅಭ್ಯರ್ಥಿ ಗೊತ್ತು. ನಾಳೆ ಕರೆತರುತ್ತೇನೆ. ಪಂಡಿತರು ಅಳೆಯಲಿ. ಗುಂಡಾಭಟ್ಟ ಗೆದ್ದರೆ ನಾನೇ ಗಂಟುಮೂಟೆ ಕಟ್ಟುತ್ತೇನೆ."

ಮರುದಿನ ಗುಂಡಾಭಟ್ಟನೂ ಸಭೆಗೆ ಬಂದಿದ್ದ. ಅಲ್ಲಿ ಒಂದು ಪರದೆ ಇಳಿಬಿಟ್ಟಿದ್ದರು. "ಇದೇಕಯ್ಯ ಪರದೆ?" ಎಂದ ಮಾನಭಟ್ಟ.

"ದೃಷ್ಟಿಯಾದೀತು ಅಂತ, ಸ್ವಾಮಿ. ಅಪರೂಪದ ಆಳು."

ಮಾನಭಟ್ಟ ಪರದೆಯ ಮೇಲಿಂದಲೇ ಅಳತೆಗೋಲು ಹಿಡಿದ. "ಅಬ್ಬಬ್ಬಾ! ಗುಂಡಾಭಟ್ಟನಿಗಿಂತ ಎತ್ತರ! ಗಂಟಲು?"

ಚೆನ್ನರಸ ಸನ್ನೆ ಮಾಡಿದ. ಒಳಗಿನಿಂದ "ಭೋಂ" ಎಂದು ಹೊರಟ ಸದ್ದಿಗೆ ಮಂತ್ರಿಯ ಪೇಟ ಜಾರಿತು.

"ಭೇಷ್! ಯುದ್ಧದಲ್ಲಿ?"

"ಎಲ್ಲರಿಗಿಂತ ಮುಂದೆ ಇವನ ಸದ್ದೇ, ಸ್ವಾಮಿ."

"ಅನುಮಾನ, ಹಿಂಜರಿಕೆ?"

"ಹುಟ್ಟಿದಾಗಿನಿಂದ ಇಲ್ಲ. ಬೇರೆಯವರ ಮಾತು ಕೇಳಿದ್ದೂ ಇಲ್ಲ."

ಮಾನಭಟ್ಟನಿಗೆ ಪುಳಕವೋ ಪುಳಕ. ಭಾವಮೈದನನ್ನೂ ಮರೆತ. "ಪ್ರಭು, ಇವನೇ ದಳವಾಯಿ! ನನ್ನ ಸಂಶೋಧನೆಯ ಮೇಲಾಣೆ!"

ಚೆನ್ನರಸ ಪರದೆ ಸರಿಸಿದ. ಅಲ್ಲಿ ಆಳೆತ್ತರವನ್ನೂ ಮೀರಿದ ಕಂಚಿನ ರಣಕಹಳೆ ನಿಂತಿತ್ತು. ಹಿಂದೆ ಊದುವವನು ಬೆವರೊರೆಸಿಕೊಳ್ಳುತ್ತಿದ್ದ.

"ಏಯ್, ಮೋಸ! ಇದು ಕಹಳೆ! ಒಳಗೆ ಬರೀ ಟೊಳ್ಳು!" ಎಂದು ಮಾನಭಟ್ಟ ಕಿರುಚಿದ.

"ಒಳಗೇನಿದೆ ಅಂತ ತಾವು ಅಳೆಯಲೇ ಇಲ್ಲವಲ್ಲ, ಸ್ವಾಮಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಗುಂಡಾಭಟ್ಟ ಮೆಲ್ಲಗೆ ಬಾಗಿಲ ಕಡೆ ಸರಿದ.

"ದಳವಾಯಿ ಯಾರಾಗಬೇಕು ಅಂತ ಅವನ ಹಿಂದೆ ನಡೆಯಬೇಕಾದ ದಂಡಿನವರನ್ನೇ ಕೇಳಿ, ಪ್ರಭು. ಪ್ರಾಣ ಕೊಡೋರು ಅವರು ತಾನೆ?" ಎಂದ ಚೆನ್ನರಸ.

ದೊರೆ ತಲೆದೂಗಿದವನು ಇದ್ದಕ್ಕಿದ್ದಂತೆ ಹುಬ್ಬು ಗಂಟಿಕ್ಕಿದ. "ಅಲ್ಲವೋ, ನಾನೂ ಎತ್ತರ. ನನ್ನದೂ ದೊಡ್ಡ ಗಂಟಲು. ಹಾಗಾದರೆ ನಾನೂ ಕಹಳೆಯೇ?"

ಚೆನ್ನರಸ ಕೈಮುಗಿದ.

"ಅಲ್ಲ ಪ್ರಭು. ಕಹಳೆ ಈ ಪ್ರಶ್ನೆ ಕೇಳಿಕೊಳ್ಳೋದಿಲ್ಲ. ತಾವು ಕೇಳಿಕೊಂಡಿರಿ, ಇವತ್ತಾದರೂ."

ದೊರೆ ಸಿಂಹಾಸನ ಅದುರುವಂತೆ ನಕ್ಕ. ಮಾನಭಟ್ಟನ ಕೈಯಿಂದ ಅಳತೆಗೋಲು ಕಿತ್ತು ಚೆನ್ನರಸನಿಗೆ ಕೊಟ್ಟ. "ಇಟ್ಟುಕೋ. ನನ್ನ ಗಂಟಲು ಜಾಸ್ತಿಯಾದ ದಿನ ಇದರಿಂದಲೇ ತಿವಿ!"