ಡಬ್ಬದೊಳಗಿನ ಕನ್ನಡಿ

ಟಿ.ವಿ. ತುಂಬಿಕೊಂಡು ಬಂದಿದ್ದ ರಟ್ಟಿನ ಡಬ್ಬವನ್ನು ಪ್ರಫುಲ್ಲಾ ಮನೆಯಲ್ಲೇ ಮಾಯಾಪೆಟ್ಟಿಗೆ ಮಾಡಿದ್ದಳು. ಒಳಗೆಲ್ಲ ಚೌಕುಳಿ ಕಾಗದ ಅಂಟಿಸಿ, ನಡುವೆ ಓರೆಯಾಗಿ ಕನ್ನಡಿ ನಿಲ್ಲಿಸಿ, ಅದರ ಹಿಂದೆ ಒಂದು ಬೊಂಬೆಯನ್ನು ಬಚ್ಚಿಟ್ಟಿದ್ದಳು. ಕನ್ನಡಿಯಲ್ಲಿ ಪಕ್ಕದ ಕಾಗದವೇ ಮೂಡುತ್ತಿದ್ದುದರಿಂದ ಡಬ್ಬ ಖಾಲಿ ಎಂದು ನೋಡಿದವರು ನಂಬುತ್ತಿದ್ದರು. ಮುಚ್ಚಿ ತೆರೆದು ಬೊಂಬೆಯನ್ನು ಎತ್ತಿದರೆ ಓಣಿಯವರೆಲ್ಲ ಡಬ್ಬವನ್ನು ಹೊಗಳುತ್ತಿದ್ದರು.

ಕನ್ನಡಿಗೆ ಇದನ್ನು ಸಹಿಸಲಾಗಲಿಲ್ಲ.

"ಡಬ್ಬಣ್ಣ, ಕೆಲಸ ನನ್ನದು, ಚಪ್ಪಾಳೆ ನಿನ್ನದು. ಇದು ಯಾವ ನ್ಯಾಯ?"

"ತಂಗಿ, ಕಾಣದಿರುವುದೇ ನಿನ್ನ ಕೆಲಸ. ನೀನು ಕಂಡ ದಿನ ನಮ್ಮಿಬ್ಬರ ಆಟವೂ ಮುಗಿಯುತ್ತದೆ."

"ರಟ್ಟಿಗೂ ಹೊಟ್ಟೆಕಿಚ್ಚು ಇರುತ್ತದೆ ಎಂದು ಇವತ್ತು ತಿಳಿಯಿತು," ಎಂದಿತು ಕನ್ನಡಿ.

ಮುಂದಿನ ಆಟದಲ್ಲಿ ಅದು ಅಂಟು ಸಡಿಲಿಸಿಕೊಂಡು ಜನರ ಕಡೆಗೆ ಒಂದಿಷ್ಟು ತಿರುಗಿತು. ಮುಂದಿನ ಸಾಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಗಿರಿಜಕ್ಕನಿಗೆ ಡಬ್ಬದೊಳಗೆ ತನ್ನದೇ ಮುಖ ಕಂಡಿತು.

"ಒಳಗೆ ಕನ್ನಡಿ ಇಟ್ಟಿದ್ದಾಳೆ ಕಣ್ರೇ," ಎಂದಳು ಆಕೆ. ಎಲ್ಲರೂ ನಕ್ಕರು. ಕನ್ನಡಿ ಆ ನಗುವನ್ನೇ ಹೊಗಳಿಕೆ ಎಂದುಕೊಂಡಿತು.

ಮರುದಿನ ಪ್ರಫುಲ್ಲಾ ಡಬ್ಬಕ್ಕೆ ಈರುಳ್ಳಿ ತುಂಬಿ ಬಚ್ಚಲ ಬಾಗಿಲ ಪಕ್ಕಕ್ಕೆ ತಳ್ಳಿದಳು. ಅದರ ಮೇಲೆ ಗೋಡೆಯಲ್ಲಿದ್ದ ಮೊಳೆಗೆ ಕನ್ನಡಿಯನ್ನು ನೇತುಹಾಕಿದಳು.

ಒಂದು ವಾರ ಕಳೆದ ಮೇಲೆ ಡಬ್ಬ ಕೇಳಿತು: "ಈಗ ಸಮಾಧಾನವೇ ತಂಗಿ? ಮನೆಯವರೆಲ್ಲ ನಿನ್ನ ಮುಂದೆಯೇ ಬಂದು ನಿಲ್ಲುತ್ತಾರಲ್ಲ."

"ನಿಲ್ಲುತ್ತಾರಣ್ಣ. ಹಲ್ಲು ನೋಡಿಕೊಳ್ಳುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ. ನನ್ನನ್ನು ಮಾತ್ರ ಇದುವರೆಗೆ ಒಬ್ಬರೂ ನೋಡಿಲ್ಲ."