ಕಡತಕ್ಕೆ ಕಪ್ಪು ಬಳಿಯುವ ತಿಪ್ಪ

ಮಣಲಾಪುರದ ಬೀದಿಗಳಲ್ಲಿ ಡಂಗುರ ಸಾರಿದರು: "ಅರಸು ಬಿಜ್ಜಣನ ಕಿರಿಯ ಮಗಳು ಸಿರಿಯಬ್ಬೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳ ಕೈಹಿಡಿಯುವ ಹಕ್ಕು. ಒಂದು ತಪ್ಪಿದರೂ ಸೆರೆ; ಬರುವ ಅಮಾವಾಸ್ಯೆಗೆ ತಲೆದಂಡ."

ಅರಸನ ಹಿರಿಯ ಮಗಳನ್ನು ದೂರದ ಪಾಳೆಯಗಾರನಿಗೆ ಕೊಟ್ಟಿದ್ದರು. ಅವನ ಜಾತಕ ನೋಡಿದರು, ಕುದುರೆಗಳನ್ನು ನೋಡಿದರು, ಹಲ್ಲು ಎಷ್ಟು ಬಿಳುಪೆಂದು ಹೊಗಳಿದರು. ವರ್ಷ ತುಂಬುವ ಮೊದಲೇ ಅವನು ಅವಳ ಕುತ್ತಿಗೆ ಹಿಸುಕಿ ಕೊಂದ. ಹಿಂದಿನ ಹೆಂಡತಿಗೂ ಹೀಗೇ ಮಾಡಿದ್ದನೆಂದು ಅವನ ಊರಿನ ನ್ಯಾಯದ ಚಾವಡಿಯ ಕಡತದಲ್ಲಿ ಬರೆದಿಟ್ಟಿದ್ದರು. ಹೋಗಿ ಕೇಳಿದವರೇ ಇರಲಿಲ್ಲ. ಅಂದಿನಿಂದ ಸಿರಿಯಬ್ಬೆ ಅತ್ತರು ಪೂಸಿಕೊಂಡು ಬರುವ ಗಂಡಸರನ್ನು ನಂಬಲಿಲ್ಲ; ಒಗಟುಗಳನ್ನು ತಾನೇ ಕಟ್ಟಿದಳು.

ಹನ್ನೊಂದು ಜನ ಬಂದರು. ಹನ್ನೊಂದು ಜನರೂ ಸೆರೆ ಸೇರಿದರು. ಮೊದಲ ಒಗಟಿಗೆ ಒಬ್ಬ ಮನೆ ಎಂದ, ಒಬ್ಬ ಸಾಕಿದ ನಾಯಿ ಎಂದ. ಮೂರನೆಯವನು ನಗುತ್ತಾ, "ಗಂಡ ಬಿಟ್ಟ ಹೆಂಡತಿ" ಎಂದ. ಅವನನ್ನು ಎಳೆದೊಯ್ದ ಮೇಲೆ ಸಿರಿಯಬ್ಬೆ ನೀರು ತರಿಸಿ ಬಾಯಿ ಮುಕ್ಕಳಿಸಿದಳು.

ಹನ್ನೆರಡನೆಯವನು ಹೊಸವಾಡದ ಒಡೆಯ ಕೇತರಸ. ಅವನು ಆಸನದಿಂದ ಏಳುವ ಮೊದಲೇ ಮಾಸಿದ ಪಂಚೆ ಉಟ್ಟ ಒಬ್ಬ ಕಂಕುಳಲ್ಲಿ ಗಂಟು ಇಟ್ಟುಕೊಂಡು ಮುಂದೆ ಬಂದ. ಹೆಸರು ತಿಪ್ಪ. ಹೊಸವಾಡದ ಚಾವಡಿಯ ಕಡತಗಳ ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಬಳಪದಲ್ಲಿ ಬರೆಯಲು ಬರುವಂತೆ ಕಪ್ಪು ಮಾಡುವುದು ಅವನ ಕೆಲಸ. ಹುಳಿತ ಗಂಜಿಯ ನಾತ ಅವನ ಮೈ ಬಿಟ್ಟು ಹೋಗುತ್ತಿರಲಿಲ್ಲ. ಸಭೆಯವರು ಉತ್ತರೀಯದಿಂದ ಮೂಗು ಮುಚ್ಚಿಕೊಂಡರು.

"ಇವನನ್ನು ಆಚೆ ನೂಕಿ," ಎಂದ ಮಂತ್ರಿ.

"ಡಂಗುರದಲ್ಲಿ ವಾಸನೆಯ ಮಾತಿರಲಿಲ್ಲ," ಎಂದಳು ಸಿರಿಯಬ್ಬೆ. "ತಪ್ಪಿದರೆ ಏನಾಗುತ್ತದೆ ಗೊತ್ತೇನಯ್ಯ?"

"ಗೊತ್ತು ಅಮ್ಮಣ್ಣಿ. ಕೇಳಿ."

"ಯಜಮಾನ ಊರು ಬಿಟ್ಟು ಹೋದರೂ ಅದು ಅಲ್ಲೇ ಕೂತಿರುತ್ತದೆ. ಅವನು ಅದರ ಹೆಸರೆತ್ತುವುದಿಲ್ಲ. ಬೇರೆಯವರು ಅಲ್ಲಿಗೆ ಹೋಗಿ ಕೇಳಿದರೆ ಬಾಯಿ ಬಿಡುತ್ತದೆ. ಏನದು?"

"ಮಾಡಿದ ಅಪರಾಧ," ಎಂದ ತಿಪ್ಪ. "ಎಲ್ಲಿ ನಡೆಯಿತೋ ಅಲ್ಲಿನ ಚಾವಡಿಯಲ್ಲೇ ಅದನ್ನು ಬರೆದಿರುತ್ತಾರೆ. ಅವನು ಈಗ ಇರುವ ಊರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಿಂದೆ ಬಾಳಿದ ಊರಿಗೆಲ್ಲ ಹೋಗಬೇಕು."

ಮೂಗು ಮುಚ್ಚಿದ್ದ ಕೈಗಳು ಕೆಳಗಿಳಿದವು.

"ಒಂದು ಹೆಸರು ಹಿಡಿದು ಕೂಗಿದೆ. ನೂರು ಜನ ತಿರುಗಿ ನೋಡಿದರು. ನನಗೆ ಬೇಕಾದವನು ಒಬ್ಬನೇ. ಅವನನ್ನು ಹೇಗೆ ಆರಿಸಲಿ?" ಎಂದು ಎರಡನೆಯದನ್ನು ಕೇಳಿದಳು ಸಿರಿಯಬ್ಬೆ.

ತಿಪ್ಪ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ಅಪ್ಪನ ಹೆಸರು ಕೇಳಬೇಕು, ಹುಟ್ಟಿದ ಊರು, ವಯಸ್ಸು, ಮೈಮೇಲಿನ ಗುರುತು ಕೇಳಬೇಕು. ಎಲ್ಲವೂ ಕೂಡಿದರೆ ಮಾತ್ರ ಅವನೇ ಇವನು. ನಮ್ಮಪ್ಪನ ಹೆಸರು ಮುದ್ದ. ಎಮ್ಮೆ ಕದ್ದವನ ಹೆಸರೂ ಮುದ್ದ. ಕದ್ದವನಿಗೆ ಹಣೆಯಲ್ಲಿ ಗಾಯದ ಕಲೆ ಇದೆಯೆಂದು ಕಡತದಲ್ಲೇ ಬರೆದಿತ್ತು. ಯಾರೂ ಅಷ್ಟು ದೂರ ಓದಲಿಲ್ಲ. ನಮ್ಮಪ್ಪನ ಬಲಗೈ ಕಡಿದರು. ಆ ಗಾಯ ಕೊಳೆತು ಸತ್ತ. ಹುಳ ತೆಗೆಯುತ್ತಿದ್ದವನು ನಾನೇ."

ಅರಸ ತಲೆ ತಗ್ಗಿಸಿದ.

"ಮೂರನೆಯದು," ಎಂದಳು ಸಿರಿಯಬ್ಬೆ. ಅವಳ ದನಿ ಮೆತ್ತಗಾಗಿತ್ತು. "ಬಾಯಿ ತೆರೆದಾಗ ಒಂದು ಹೇಳುತ್ತದೆ, ಮುಗಿಸುವಾಗ ಇನ್ನೊಂದು. ಮೊದಲ ಮಾತಿಗೇ ಎದ್ದು ಹೋದವನು ನಿರಪರಾಧಿಯನ್ನು ಕೊಂದಾನು. ಏನದು?"

ತಿಪ್ಪ ಬಾಯಿ ತೆರೆಯುವಷ್ಟರಲ್ಲಿ ಕೇತರಸ ಎದ್ದು ನಿಂತ. "ಮಹಾಸ್ವಾಮಿ, ಇವನು ಕಳ್ಳ. ಇವನು ಊರು ಬಿಟ್ಟ ದಿನವೇ ಇವನ ಕಡತ ತರಿಸಿಕೊಂಡೆ, ನನ್ನ ಆಳಿನ ಕೈಯಲ್ಲೇ ಇದೆ, ಓದಿಸಿ."

ಆಳು ಓದಿದ: "ಮುದ್ದನ ಮಗ ತಿಪ್ಪ, ಹೊಸವಾಡದವನು, ಗುಡಿಯ ಗಂಟೆ ಕದ್ದನೆಂದು ಪೂಜಾರಿಯ ದೂರು." ಅಷ್ಟು ಓದಿ ಮಡಿಚಿದ. ಭಟರು ತಿಪ್ಪನ ತೋಳು ಹಿಡಿದರು.

"ಅಮ್ಮಣ್ಣಿ, ನಿಮ್ಮ ಒಗಟಿಗೆ ಅದೇ ಉತ್ತರ," ಎಂದ ತಿಪ್ಪ. "ಕಡತ. ಅದು ದೂರಿನಿಂದ ಶುರುವಾಗುತ್ತದೆ, ತೀರ್ಪಿನಿಂದ ಮುಗಿಯುತ್ತದೆ. ಕೊನೆಯ ಮಡಿಕೆ ಬಿಚ್ಚಿಸಿ."

ಸಿರಿಯಬ್ಬೆ ತಾನೇ ಇಳಿದು ಬಂದು ಕಡತ ಕಿತ್ತುಕೊಂಡು ಕೊನೆಯ ಮಡಿಕೆ ಓದಿದಳು: "ಗಂಟೆ ಪೂಜಾರಿಯ ಹುಲ್ಲು ಬಣವೆಯಲ್ಲೇ ಸಿಕ್ಕಿತು. ತಿಪ್ಪ ನಿರಪರಾಧಿ." ಭಟರು ಕೈ ಬಿಟ್ಟರು.

ತಿಪ್ಪ ಗಂಟು ಬಿಚ್ಚಿ ಇನ್ನೊಂದು ಕಡತವನ್ನು ಅರಸನ ಮುಂದಿಟ್ಟ. "ಬುದ್ಧಿ, ನಾನು ಮದುವೆಗೆಂದು ಬಂದವನಲ್ಲ. ಇದು ನಮ್ಮ ಕೇತರಸ ಒಡೆಯರ ಕಡತ. ಕಪ್ಪು ಬಳಿದು ಅಳಿಸು ಎಂದು ಈ ಆಳನ್ನೇ ಕಳಿಸಿದ್ದರು. ಬೇರೆ ಬಟ್ಟೆಗೆ ಬಳಿದು ಕೊಟ್ಟೆ. ಇದನ್ನು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ."

ಆಸ್ಥಾನದ ಶಾನುಭೋಗ ಎತ್ತಿಕೊಂಡು ಓದತೊಡಗಿದ. ಕೇತರಸನ ಹೆಸರು, ಅವನಪ್ಪನ ಹೆಸರು, ಎಡಗೈಯಲ್ಲಿ ಮುರಿದ ಕಿರುಬೆರಳು. ಕೇತರಸ ಕೈಯನ್ನು ಶಾಲಿನೊಳಗೆ ಎಳೆದುಕೊಂಡ. ಇಬ್ಬರು ಹೆಂಡತಿಯರು, ಇಬ್ಬರ ಹೆಣವೂ ಸಿಕ್ಕಿದ್ದು ಸುಣ್ಣದ ಗುಂಡಿಯಲ್ಲಿ. ಸಿಕ್ಕಾಗ ಹೇಗಿದ್ದವೆಂಬ ಸಾಲಿಗೆ ಬಂದು ಶಾನುಭೋಗ ಓದಲಾರದೆ ನಿಲ್ಲಿಸಿದ. "ಕೊನೆಯವರೆಗೂ ಓದಿ," ಎಂದಳು ಸಿರಿಯಬ್ಬೆ. ಕೊನೆಯ ಮಡಿಕೆಯಲ್ಲಿ, ಕೊಲೆ ಸಾಬೀತಾಯಿತು, ಒಡೆಯನಾದ್ದರಿಂದ ದಂಡನೆ ಬಿಟ್ಟಿದೆ ಎಂದಿತ್ತು.

ಅರಸ ಅದನ್ನು ಕೇಳಿ ಮುಖ ಕಿವಿಚಿದ. ಕೈಸನ್ನೆ ಮಾಡಿದ. ಕೇತರಸನನ್ನು ಎಳೆದೊಯ್ದರು.

"ಏನು ಬೇಕು ಕೇಳಪ್ಪ," ಎಂದ ಅರಸ.

"ಸೆರೆಯಲ್ಲಿರುವ ಹನ್ನೊಂದು ಜನ ಬಾಳಿದ ಊರಿಗೆಲ್ಲ ಆಳು ಕಳಿಸಿ, ಬುದ್ಧಿ. ಒಗಟು ತಪ್ಪಿದ್ದಕ್ಕೆ ಯಾರನ್ನೂ ಕೊಲ್ಲಬೇಡಿ."

ಕಡತಗಳು ಬಂದವು. ಏಳು ಜನ ಮನೆಗೆ ಹೋದರು. ನಾಲ್ವರು ಹೋಗಲಿಲ್ಲ, ಆ ನಾಲ್ಕನ್ನು ಓದಿದ ದಿನ ಅರಮನೆಯಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ.

ಸಿರಿಯಬ್ಬೆ ತಿಪ್ಪನನ್ನು ಕರೆಸಿ, "ನನಗೆ ಒಪ್ಪಿಗೆಯಿದೆ. ನಿನ್ನದು ಹೇಳು," ಎಂದಳು. ಆವರೆಗೆ ಅವನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಉತ್ತರ ಕೊಡಲು ಎರಡು ದಿನ ಬೇಕಾಯಿತು. ಮದುವೆ ಆಯಿತು. ನಾಡಿನ ಕಡತಗಳೆಲ್ಲ ತಿಪ್ಪನ ಸುಪರ್ದಿಗೆ ಬಂದವು. ಯಾರು ಬಂದು ಕೇಳಿದರೂ ಕೊನೆಯ ಮಡಿಕೆಯವರೆಗೆ ಓದಿ ಹೇಳಬೇಕೆಂದು ಅವನು ಚಾವಡಿಗಳಿಗೆಲ್ಲ ಅಪ್ಪಣೆ ಕಳಿಸಿದ.

ಮೊದಲು ಬಂದವಳು ಒಬ್ಬ ಕುಂಬಾರಗಿತ್ತಿ, ಮದುವೆ ಗೊತ್ತಾದ ಮಗಳ ಜೊತೆ. ಹುಡುಗನ ಹೆಸರು, ಅವನಪ್ಪನ ಹೆಸರು, ಊರು ಹೇಳಿದಳು. ಶಾನುಭೋಗ ಓದಿ ಮುಗಿಸುವವರೆಗೂ ಕದಲದೆ ಕೇಳಿದಳು. ಆಮೇಲೆ ಎದ್ದು, ಬಾಗಿಲಾಚೆ ಹೋಗಿ ಆ ಹುಡುಗನ ಹೆಸರೆತ್ತಿ ಉಗಿದು, ಮಗಳ ಕೈ ಹಿಡಿದು ಮನೆಗೆ ನಡೆದಳು.