ಓಡಲಾರದ ಕಾರಿನ ದಾನಪತ್ರ

ಬಿಳಿಗಲ್ಲು ಸಂಸ್ಥಾನದ ದೊರೆ ಮುದ್ದುವೀರಪ್ಪ ನಾಯಕರು ಬೆಳಿಗ್ಗೆ ಮೋಟಾರಿನಲ್ಲಿ ಸವಾರಿ ಹೊರಟವರು ಮಧ್ಯಾಹ್ನ ಹುಲ್ಲಿನ ಗಾಡಿಯಲ್ಲಿ ಹಿಂದಿರುಗಿದರು. ಆ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಪೇಟಕ್ಕೆ ಸಿಕ್ಕಿಕೊಂಡಿದ್ದ ಹುಲ್ಲುಕಡ್ಡಿಯನ್ನೂ ಕೀಳದೆ ನೇರ ದರ್ಬಾರಿಗೆ ಬಂದು ಕೂತರು.

“ಈ ಹಳೇ ಕಾರನ್ನು ಇನ್ನೂ ರಿಪೇರಿ ಮಾಡಿಸುವುದೋ, ಬಿಸಾಡಿ ಹೊಸದು ತರಿಸುವುದೋ?”

ಮೋಟಾರುಖಾನೆಯ ಅಧಿಕಾರಿ ಮಲ್ಲಾರಿರಾಯರು ಮುಂದೆ ಬಂದು ಕೈಮುಗಿದರು.

“ಮಹಾಸ್ವಾಮಿ, ಅದಕ್ಕೆ ಹದಿನೆಂಟು ವರ್ಷ ತುಂಬಿತು. ಬ್ರಹ್ಮನೇ ಬಂದು ಸ್ಪ್ಯಾನರು ಹಿಡಿದರೂ ಅದು ಇನ್ನು ಅರ್ಧ ಮೈಲಿ ದಾಟುವುದಿಲ್ಲ. ಹೊಸದನ್ನೇ ತರಿಸಿ. ಜೊತೆಗೆ ಹೊಸ ಡ್ರೈವರೂ ಬರಲಿ. ಖಾಸಿಂ ಸಾಬಿಗೂ ವಯಸ್ಸಾಯಿತು.”

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಖಾಸಿಂ ಸಾಬರ ಮುಖ ಬಾಡಿತು. ಅದು ಆಸ್ಥಾನದ ಲೇಖಕ ಚೆಲುವಯ್ಯನ ಕಣ್ಣಿಗೆ ಬಿತ್ತು. ಇಬ್ಬರೂ ಇಪ್ಪತ್ತು ವರ್ಷದಿಂದ ಒಂದೇ ಚಂಚಿಯ ಎಲೆಯಡಿಕೆ ಹಾಕಿಕೊಳ್ಳುವ ಸ್ನೇಹಿತರು.

“ಅಪ್ಪಣೆಯಾದರೆ ನಾನೊಮ್ಮೆ ಕಾರನ್ನು ನೋಡಿ ಹೇಳುತ್ತೇನೆ,” ಎಂದ ಚೆಲುವಯ್ಯ.

ರಾಯರು ನಕ್ಕುಬಿಟ್ಟರು. “ಕಾಗದ ಗೀಚುವವನಿಗೆ ಯಂತ್ರದ ವಿಚಾರವೇನು ಗೊತ್ತು? ಮುಟ್ಟಿದರೆ ಇನ್ನಷ್ಟು ಕೆಡಿಸುತ್ತಾನೆ!”

ದೊರೆಗಳಿಗೆ ತಮಾಷೆ ಎನಿಸಿತು. “ಹಾಗಾದರೆ ಮುಟ್ಟದೆಯೇ ಹೇಳು ಚೆಲುವಯ್ಯ. ಇಂಜಿನ್ನಿನ ಮುಚ್ಚಳ ಎತ್ತಕೂಡದು, ಹತ್ತಿರವೂ ಹೋಗಕೂಡದು. ನಾಡಿದ್ದಿನೊಳಗೆ ತೀರ್ಮಾನ ಬೇಕು. ತಪ್ಪಿದರೆ ಮುಂದಿನ ಸಲ ಆ ಹುಲ್ಲಿನ ಗಾಡಿಗೆ ಎತ್ತಿನ ಬದಲು ನಿನ್ನನ್ನೇ ಕಟ್ಟಿಸುತ್ತೇನೆ!”

ಚೆಲುವಯ್ಯ ಹೊರಗೆ ಬಂದು ಖಾಸಿಂ ಸಾಬರ ಪಕ್ಕ ಜಗಲಿಯ ಮೇಲೆ ಕೂತ.

“ಕಾರಿಗೆ ಏನಾಗಿದೆ ಸಾಬರೇ?”

“ಯಾರಿಗೆ ಗೊತ್ತು ಚೆಲುವಯ್ಯನೋರೆ? ಖಾನೆ ಬೀಗ ರಾಯರ ಹತ್ರ. ಹೊರಡೋ ಹೊತ್ತಿಗೆ ಕಾರು ನನ್ನ ಕೈಗೆ ಕೊಡ್ತಾರೆ. ಒಂದು ಫರ್ಲಾಂಗು ಓಡುತ್ತೆ, ಕೆಮ್ಮುತ್ತೆ, ನಿಲ್ಲುತ್ತೆ. ಮುಚ್ಚಳ ತೆಗೆಯೋಕೆ ಹೋದ್ರೆ ಬೈತಾರೆ.”

“ಅರಮನೆಗೆ ಬೇಡವಾದ ಸಾಮಾನು ಯಾರಿಗೆ ಸೇರುತ್ತದೆ?”

“ಆಯಾ ಖಾನೆ ಅಧಿಕಾರಿಗೆ. ಹಿಂದಿನಿಂದ ಬಂದದ್ದಲ್ವಾ?”

“ರಾಯರ ಮಗಳ ಮದುವೆ ಯಾವತ್ತು?”

“ನಾಡಿದ್ದೇ. ಅಳಿಯನ್ನ ಮೋಟಾರಲ್ಲಿ ಮೆರೆಸ್ತೀನಿ ಅಂತ ಬೀಗರ ಮುಂದೆ ಜಂಬ ಕೊಚ್ಚಿಕೊಂಡಿದಾರೆ.”

“ಯಾವ ಮೋಟಾರಲ್ಲಿ?”

ಸಾಬರು ಮೋಟಾರುಖಾನೆಯ ಬೀಗದ ಕಡೆ ತಿರುಗಿ ನೋಡಿದರು. ಇಡೀ ಸಂಸ್ಥಾನಕ್ಕೆ ಇದ್ದದ್ದು ಒಂದೇ ಮೋಟಾರು.

ಮಾರನೆಯ ದಿನ ಚೆಲುವಯ್ಯ ದರ್ಬಾರಿನಲ್ಲಿ ಎದ್ದು ನಿಂತ. “ಮಹಾಸ್ವಾಮಿ, ರಾಯರ ಮಾತೇ ಸರಿ ಇರಬೇಕು. ಕಾರು ಸತ್ತಿದೆ. ಅರಮನೆಯಲ್ಲಿ ಹೆಣ ಇಟ್ಟುಕೊಳ್ಳಬಾರದು. ಹೊಸದು ಬರುವ ತನಕ ಕಾಯುವುದೇಕೆ? ಇವತ್ತೇ ಅದನ್ನು ರಾಯರಿಗೆ ಕೊಟ್ಟುಬಿಡಿ.”

ಬಾಗಿಲ ಬಳಿ ಖಾಸಿಂ ಸಾಬರು ಗೋಡೆ ಹಿಡಿದುಕೊಂಡರು. ಸ್ನೇಹಿತನೇ ಹೀಗೆ ಕೈಬಿಡಬೇಕೇ! ಮಲ್ಲಾರಿರಾಯರಿಗಂತೂ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ದೊರೆಗಳು ತಲೆಯಾಡಿಸಿದರು. ಚೆಲುವಯ್ಯ ಅಲ್ಲೇ ಕೂತು ದಾನಪತ್ರ ಬರೆಯತೊಡಗಿದ.

“ರಾಯರೇ, ಕಾರು ‘ಕುಂಟುತ್ತ ಓಡುವುದು’ ಎಂದು ಬರೆಯಲೇ?”

ಕುಂಟುತ್ತಲಾದರೂ ಓಡುತ್ತದೆ ಎಂದರೆ ದೊರೆಗಳ ಮನಸ್ಸು ಬದಲಾದೀತು ಎಂದು ರಾಯರಿಗೆ ಹೆದರಿಕೆ. “ಛೆ ಛೆ! ‘ಒಂದಡಿಯೂ ಓಡಲಾರದ ಕಾರು’ ಎಂದೇ ಬರೆಯಿರಿ!”

“ನಿಮ್ಮ ಮಾತಿನಂತೆಯೇ ಆಗಲಿ,” ಎಂದು ಚೆಲುವಯ್ಯ ಹಾಗೆಯೇ ಬರೆದು, ಮುದ್ರೆ ಹಾಕಿಸಿ, ರಾಯರ ರುಜುವನ್ನೂ ತೆಗೆದುಕೊಂಡ. ನಾಲ್ಕು ಎತ್ತುಗಳು ಕಾರನ್ನು ರಾಯರ ಮನೆಗೆ ಎಳೆದುಕೊಂಡು ಹೋದವು.

ಮೂರನೆಯ ದಿನ ಚೆಲುವಯ್ಯ ದೊರೆಗಳನ್ನು ಒತ್ತಾಯ ಮಾಡಿ ಮದುವೆಗೆ ಹೊರಡಿಸಿದ, ಖಾಸಿಂ ಸಾಬರನ್ನೂ ಜೊತೆಗೆ ಕರೆದುಕೊಂಡ. ಕುದುರೆ ಏರಿ ಕೋಟೆದಿಣ್ಣೆಯ ತುದಿಗೆ ಬಂದಾಗ ಕೆಳಗಿನಿಂದ ‘ಪೋಂ ಪೋಂ’ ಎಂದು ಸದ್ದು ಕೇಳಿತು.

ನೋಡಿದರೆ ಅದೇ ಕಾರು! ಮದುಮಕ್ಕಳು, ಬೀಗರು, ಸೋದರತ್ತೆಯರು ಸೇರಿ ಒಳಗೆ ಒಂಬತ್ತು ಜನ, ಮೆಟ್ಟಿಲ ಮೇಲೆ ಇಬ್ಬರು ವಾಲಗದವರು. ಚಕ್ರ ಹಿಡಿದು ಮೀಸೆ ತಿರುವುತ್ತ ಕೂತವರು ಸ್ವತಃ ರಾಯರು. ಕಾರು ಏದುಸಿರೂ ಬಿಡದೆ ದಿಣ್ಣೆ ಹತ್ತಿ ಬಂತು. ದೊರೆಗಳನ್ನು ಕಂಡದ್ದೇ ರಾಯರ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

“ರಾಯರೇ,” ಎಂದರು ದೊರೆಗಳು, “ಬ್ರಹ್ಮ ಯಾವಾಗ ಬಂದು ಹೋದ?”

“ಮಹಾಸ್ವಾಮಿ… ಪೆಟ್ರೋಲಿನ ಕೊಳವೆಯಲ್ಲಿ ಒಂದು ಬಟ್ಟೆಚೂರು ಸಿಕ್ಕಿಕೊಂಡಿತ್ತು… ತೆಗೆದೆ…”

“ಬಟ್ಟೆಗೆ ಕಾಲಿತ್ತೇ? ತಾನೇ ನಡೆದು ಹೋಗಿ ಒಳಗೆ ಕೂತಿತ್ತೇ?”

ರಾಯರ ಹಣೆಯಿಂದ ಬೆವರು ಇಳಿಯಿತು. ಆದರೆ ಬೀಗರ ಎದುರು ಕಾರಿನಿಂದ ಇಳಿಯುವುದು ಹೇಗೆ? ಮೊಂಡು ಧೈರ್ಯ ತಂದುಕೊಂಡು ಹೇಳಿದರು: “ಏನೇ ಇರಲಿ, ಈಗ ಇದು ನನ್ನದು. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ದೊರೆಗಳಿಗೆ ತರವೇ?”

ದೊರೆಗಳು ತುಟಿ ಕಚ್ಚಿದರು. ಕೊಟ್ಟ ಮಾತು ಮಾತೇ. ಅವರು ಚೆಲುವಯ್ಯನ ಕಡೆ ತಿರುಗಿದರು. ಅವನು ನಿಧಾನವಾಗಿ ಕಾಗದ ಬಿಡಿಸಿದ.

“ತರವಲ್ಲ, ಖಂಡಿತ ತರವಲ್ಲ. ಆದರೆ ದೊರೆಗಳು ನಿಮಗೆ ಕೊಟ್ಟದ್ದು ಒಂದಡಿಯೂ ಓಡಲಾರದ ಕಾರನ್ನು. ನೀವೇ ಹೇಳಿ ಬರೆಸಿದ್ದು, ಕೆಳಗೆ ನಿಮ್ಮದೇ ರುಜು. ಇದು ಹನ್ನೆರಡು ಜನರನ್ನು ಹೊತ್ತು ದಿಣ್ಣೆ ಹತ್ತಿದೆ. ಹಾಗಾಗಿ ಇದು ಆ ಕಾರಲ್ಲ, ಅರಮನೆಯದು. ನಿಮ್ಮ ಕಾರು ಎಲ್ಲಿ ಕೆಟ್ಟು ನಿಂತಿದೆಯೋ, ಹುಡುಕಿಕೊಳ್ಳಿ!”

ವಾಲಗದವರೇ ಮೊದಲು ನಕ್ಕದ್ದು. ಆಮೇಲೆ ದೊರೆಗಳು ಪೇಟ ಜಾರುವಷ್ಟು ನಕ್ಕರು.

“ಮದುಮಕ್ಕಳನ್ನು ಇಳಿಸಬೇಡಿ. ಅವರ ತಪ್ಪೇನಿಲ್ಲ, ಮೆರವಣಿಗೆ ಮುಗಿಯಲಿ. ರಾಯರು ಮಾತ್ರ ಹಿಂದಿನಿಂದ ನಡೆದು ಬರಲಿ,” ಎಂದರು. “ಈಗ ಹೇಳು ಚೆಲುವಯ್ಯ, ಗಡುವು ಮುಗಿಯಿತು. ರಿಪೇರಿಯೋ, ಬದಲಾವಣೆಯೋ?”

“ರಿಪೇರಿಯನ್ನು ರಾಯರು ಆಗಲೇ ಮಾಡಿದ್ದಾರೆ ಮಹಾಸ್ವಾಮಿ. ಬದಲಾಯಿಸಬೇಕಾದ್ದು ಬೀಗದ ಕೈ ನೇತಾಡುತ್ತಿರುವ ಸೊಂಟವೊಂದನ್ನೇ!”

ದೊರೆಗಳು ಅಲ್ಲೇ ರಾಯರಿಂದ ಬೀಗದ ಕೈ ಬಿಚ್ಚಿಸಿ ಖಾಸಿಂ ಸಾಬರ ಅಂಗೈಯಲ್ಲಿಟ್ಟರು. ತಮ್ಮ ಬೆರಳಿನ ಉಂಗುರವನ್ನು ಚೆಲುವಯ್ಯನಿಗೆ ತೊಡಿಸಿದರು. ಕಣ್ಣು ಒರೆಸಿಕೊಳ್ಳುತ್ತ ಚಕ್ರ ಹಿಡಿದ ಸಾಬರು ಮದುಮಕ್ಕಳನ್ನು ಊರೆಲ್ಲ ಸುತ್ತಿಸಿದರು, ಒಂದು ಬೀದಿಯನ್ನೂ ಬಿಡದೆ.